ತೊಟ್ಟಿಲಿನ ಹಲ್ಲುಗುರುತು

"ಅಲುಗಾಡಿಸಬೇಡ್ವೇ! ಖಾಲಿ ತೊಟ್ಟಿಲು ತೂಗಿದ್ರೆ ಕೂಸಿಗೆ ಆಗಿಬರೋಲ್ಲ," ಎಂದು ಇನೋಯತ್ ಕೂತಲ್ಲಿಂದಲೇ ಸೊಸೆಯನ್ನು ಗದರಿದಳು. ಅವಳ ಕೈಯಲ್ಲಿ ಜಪಮಾಲೆ ಮಣಿಯಿಂದ ಮಣಿಗೆ ಸಾಗುತ್ತಿತ್ತು. ಅಂಗಳದ ದ್ರಾಕ್ಷಿ ಚಪ್ಪರದ ಕೆಳಗೆ ಮುಹಯ್ಯೊ ತೊಟ್ಟಿಲಿನ ಬಾಗುಗಾಲುಗಳಿಗೆ ಎರಡೂ ಕಡೆ ಇಟ್ಟಿಗೆ ಚೂರು ಒತ್ತುಕೊಟ್ಟು ಅದನ್ನು ಅಲುಗದಂತೆ ನಿಲ್ಲಿಸಿದಳು. ಆಮೇಲೆ ಒದ್ದೆ ಬಟ್ಟೆಯನ್ನು ಬೆರಳಿಗೆ ಸುತ್ತಿ ಒಂದೊಂದೇ ಗೀರಿನ ಧೂಳು ತೆಗೆಯತೊಡಗಿದಳು.

ಯಾರೋ ತವರಿಲ್ಲದ ಹೆಂಗಸಂತೆ, ಗಂಡು ಹೆತ್ತಿದ್ದಾಳಂತೆ, ಚೊಚ್ಚಲಿಗೆ ತೊಟ್ಟಿಲು ಹೊತ್ತು ತರಲು ತಾಯಿಯೂ ಇಲ್ಲವಂತೆ. ಬೆಳಿಗ್ಗೆ ಅತ್ತೆ ಕಣ್ಣೊರೆಸಿಕೊಂಡು ಹೇಳಿದ್ದಳು, ಈ ತೊಟ್ಟಿಲನ್ನು ಹೊಸದರ ಹಾಗೆ ಮಾಡಿ ಕೊಟ್ಟರೆ ದೇವರು ಮೆಚ್ಚುತ್ತಾನೆ ಎಂದು. ಮುಹಯ್ಯೊಗೆ ಅಪ್ಪನ ನೆನಪಾಗಿತ್ತು. ತೊಟ್ಟಿಲು ಮಾಡುವುದೇ ಅವನ ಕಸುಬು. ಇದನ್ನು ಅವನೇ ಕಡೆದು, ಬಣ್ಣ ಬಳಿದು, ಮೊಮ್ಮಗ ಸರ್ದೋರ್ ಹುಟ್ಟಿದಾಗ ತಲೆಯ ಮೇಲೆ ಹೊತ್ತು ಈ ಬಾಗಿಲಿಗೆ ತಂದಿದ್ದ. ಈಗ ಅವನಿಲ್ಲ. ಇನ್ನೊಂದು ಕೂಸಿಗೆಂದು ಅವಳು ಇದನ್ನು ಉಗ್ರಾಣದಲ್ಲಿ ಬಟ್ಟೆ ಹೊದಿಸಿ ಕಾದಿರಿಸಿದ್ದಳು. ಆ ಕೂಸು ಬರಲೇ ಇಲ್ಲ. ತನ್ನ ಮಡಿಲಿಗೆ ಬಾರದ್ದು ಇನ್ನೊಬ್ಬಳ ಮಡಿಲಿಗಾದರೂ ಬಂತಲ್ಲ ಎನ್ನಿಸಿ, "ಕೊಡೋಣ ಅತ್ತೆ," ಎಂದುಬಿಟ್ಟಿದ್ದಳು.

ಸೀಮೆಸುಣ್ಣದ ಪುಡಿಯನ್ನು ಅಂಟಿನಲ್ಲಿ ಕಲಸಿ ಗೀರುಗಳಿಗೆ ಮೆತ್ತಿದಳು. ಒಣಗಿದ ಮೇಲೆ ಮರದ ಎಳೆ ಹೋದ ದಿಕ್ಕಿಗೇ ಹಗುರವಾಗಿ ಉಜ್ಜಿದಳು. ಬಜಾರಿನಿಂದ ತಂದ ಕೆಂಪು ಬಣ್ಣ ಕಣ್ಣಿಗೆ ಹೊಡೆಯುವಂತಿತ್ತು. ಚೂರು ಕಂದು, ಒಂದು ಹನಿ ಕಪ್ಪು ಬೆರೆಸಿ, ಹಲಗೆಯ ಮೇಲೆ ಹಚ್ಚಿ ನೋಡಿ, ಮತ್ತೆ ಬೆರೆಸಿ, ಕೊನೆಗೂ ಅಪ್ಪನ ಆ ಮಾಸಿದ ಕೆಂಪನ್ನು ಹಿಡಿದಳು. ಬಿಸ್ಮಿಲ್ಲಾ ಎಂದು ಕುಂಚ ಊರಿದಳು. ಮುಖ ಕಾಣದ ಆ ಕೂಸಿಗೆಂದು ಅವಳಿಗೆ ತಿಳಿಯದೆಯೇ ಜೋಗುಳವೊಂದು ಗಂಟಲಿಗೆ ಬಂತು.

"ನಿಮ್ಮಪ್ಪನ ಕೈ ನಿನಗೆ ಬಂದಿದೆ ಕಣೇ," ಎಂದಳು ಇನೋಯತ್. "ನಾಲಿಗೆ ಮಾತ್ರ ನಿಮ್ಮಮ್ಮಂದೇ."

ಮುಹಯ್ಯೊ ನಕ್ಕಳು. "ಇಷ್ಟು ಪಾಡು ಯಾಕತ್ತೆ? ನಿಮ್ಮ ಮಗನಿಗೆ ಹೇಳಿದ್ರೆ ಕೋಕಂದ್‌ನಿಂದ ಹೊಸದೇ ತರ್ತಿದ್ರಲ್ಲ. ಅಂಗಡಿ ಅಂಗಡಿ ಅಂತ ವಾರದಲ್ಲಿ ಅರ್ಧ ಅಲ್ಲೇ ಬಿದ್ದಿರ್ತಾರೆ."

ಜಪಮಾಲೆಯಲ್ಲಿ ಎರಡು ಮಣಿ ಒಟ್ಟಿಗೇ ಜಾರಿದವು. "ಹೊಸದನ್ನ ಕಟ್ಕೊಂಡು ಏನ್ ಮಾಡ್ಲಿ? ಅದರಲ್ಲಿ ಯಾರು ಮಲಗಿ ಬದುಕಿದ್ದಾರೆ? ಒಂದು ಮಗು ಗಟ್ಟಿಯಾಗಿ ಎದ್ದು ನಡೆದ ತೊಟ್ಟಿಲು ಬೇಕು."

ಉಳಿದದ್ದು ಮೇಲಿನ ಹಿಡಿಕೋಲು ಮಾತ್ರ. ನಿಲ್ಲುವುದನ್ನು ಕಲಿಯುವಾಗ ಸರ್ದೋರ್ ಅದನ್ನು ಹಿಡಿದು ನಿಂತು, ಹೊಸ ಹಲ್ಲಿನ ಕಡಿತ ತಾಳದೆ ಕಚ್ಚಿ ಕಚ್ಚಿ ಒಂದು ಗೇಣು ಉದ್ದಕ್ಕೆ ಬಣ್ಣ ಕಿತ್ತಿದ್ದ. ಮುಹಯ್ಯೊ ಆ ಪುಟ್ಟ ಗುಂಡಿಗಳ ಮೇಲೆ ಒಮ್ಮೆ ಬೆರಳಾಡಿಸಿ, ಮೆತ್ತಲು ಸುಣ್ಣ ಎತ್ತಿಕೊಂಡಳು.

"ಅದನ್ನ ಮುಟ್ಟಬೇಡ! ಅದು ಹಾಗೇ ಇರ್ಲಿ."

"ಹೊಸದರ ಹಾಗೆ ಕಾಣ್ಬೇಕು ಅಂದ್ರಲ್ಲ?"

"ಇರ್ಲಿ ಅಂದೆನಲ್ಲ. ಅಣ್ಣ ಕಚ್ಚಿದ ಕೋಲು. ತಮ್ಮನಿಗೆ ಆಯುಷ್ಯ ಬರುತ್ತೆ."

ಚಪ್ಪರದ ಮೇಲೆ ಕಣಜವೊಂದು ಗುಂಯ್‌ಗುಡುತ್ತಿತ್ತು. ಇನೋಯತ್ ತನ್ನ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ಅಷ್ಟರಲ್ಲಿ ಮಾತು ಅಂಗಳ ದಾಟಿ ಹೋಗಿತ್ತು.

"ಯಾರ ತಮ್ಮ, ಅತ್ತೆ?"

ಮುದುಕಿ ಮಣಿ ಎಣಿಸುವುದನ್ನು ನಿಲ್ಲಿಸಿದಳು. ದನಿ ಏರಿಸಿದಳು. "ಹಾಗೇನು ನೋಡ್ತೀಯ? ನನ್ನ ಮಗ ತೋಹಿರ್ ಕದ್ದು ಮಾಡಿದ್ದೇನಲ್ಲ. ಮುಲ್ಲಾನ ಕರೆಸಿ ನಿಕಾಹ್ ಓದಿಸಿದ್ದಾರೆ. ನಿನ್ನ ಕೋಣೆ ನಿನಗಿದೆ, ನಿನ್ನ ಒಲೆ ನಿನಗಿದೆ. ಏನು ಕಳ್ಕೊಂಡೆ ನೀನು?"

"ನಿಮಗೆ ಯಾವಾಗಿಂದ ಗೊತ್ತು?"

"ನಾನು ಅವನ ತಾಯಿ ಕಣೇ."

ಮುಹಯ್ಯೊ ಬೆರಳ ತುದಿಯಲ್ಲಿದ್ದ ಸುಣ್ಣವನ್ನು ಹಲ್ಲಿನ ಗುರುತುಗಳಿಗೆ ಒಂದೊಂದಾಗಿ ಒತ್ತಿದಳು. ಒಣಗಲೂ ಬಿಡಲಿಲ್ಲ, ಉಜ್ಜಲೂ ಇಲ್ಲ. ಅದರ ಮೇಲೆಯೇ ಕೆಂಪನ್ನು ದಪ್ಪಗೆ ಬಳಿದಳು. ಅಪ್ಪ ಕಂಡಿದ್ದರೆ ಕುಂಚ ಕಿತ್ತುಕೊಳ್ಳುತ್ತಿದ್ದ. "ಬೇಡ ಮಗಳೇ, ಅಯ್ಯೋ ಬೇಡ್ವೇ, ಆ ಕೂಸು ನಿನಗೇನು ಮಾಡಿದೆ?" ಎಂದು ಇನೋಯತ್ ಜಪಮಾಲೆ ಬಿಸುಟು ಎದ್ದು ಬರುವಷ್ಟರಲ್ಲಿ ಕೋಲಿನ ಈ ತುದಿಯಿಂದ ಆ ತುದಿಯವರೆಗೆ ಒಂದು ಗುರುತೂ ಉಳಿದಿರಲಿಲ್ಲ.

"ಈಗ ಇದು ಹೊಸದು, ಅತ್ತೆ. ಇದರಲ್ಲಿ ಯಾರೂ ಮಲಗಿಲ್ಲ, ಎದ್ದಿಲ್ಲ."

ಕುಂಚವನ್ನು ಒರೆಸಿಟ್ಟು, ಕೆಲಸ ಮುಗಿದವಳು ಸಾಮಾನು ಎತ್ತಿಡುವ ಹಾಗೆ, ಬಾಗುಗಾಲುಗಳ ಕೆಳಗಿದ್ದ ಇಟ್ಟಿಗೆ ಚೂರುಗಳನ್ನು ಎಳೆದುಕೊಂಡಳು. ತೊಟ್ಟಿಲು ಮೆಲ್ಲಗೆ ಒಂದು ಪಕ್ಕಕ್ಕೆ ವಾಲಿತು. ಇನ್ನೊಂದು ಪಕ್ಕಕ್ಕೆ ತಿರುಗುವ ಮೊದಲೇ ಇನೋಯತ್ ಕುಸಿದು ಕೂತು, ಹಸಿ ಬಣ್ಣದ ಹಿಡಿಕೋಲನ್ನು ಎರಡೂ ಕೈಯಲ್ಲಿ ಬಾಚಿ ಹಿಡಿದಳು. ಬೆರಳ ಸಂದಿಯಿಂದ ಕೆಂಪು ಇಳಿದು ಮಣಿಕಟ್ಟಿಗೆ ಬಂತು. ಬಿಟ್ಟರೆ ತೂಗೀತೆಂದು ಮುದುಕಿ ಕೈ ಬಿಡಲಿಲ್ಲ, ಉಸಿರನ್ನೂ ಬಿಡಲಿಲ್ಲ.

ಇಟ್ಟಿಗೆ ಚೂರುಗಳನ್ನು ಮಡಿಲಲ್ಲಿ ಹಾಕಿಕೊಂಡು ಮುಹಯ್ಯೊ ಒಲೆಯ ಕಡೆ ನಡೆದಳು. ಹೊಸ್ತಿಲಲ್ಲಿ ನಿಂತು, ತಿರುಗದೆಯೇ ಹೇಳಿದಳು:

"ಬಣ್ಣ ಒಣಗೋಕೆ ಸಂಜೆ ಆಗುತ್ತೆ, ಅತ್ತೆ."