ಗಿಳಿ ಸತ್ತ ಮೇಲೆ

ಅವಳು ಕುಂಚ ತೊಳೆಯುತ್ತಿದ್ದಳು. ಚಿತ್ರಕಾದಂಬರಿಯ ಚಿತ್ರಗಳೆಲ್ಲ ಅವಳವು. ಪಾತ್ರಗಳ ಬಾಯಿಯ ಪಕ್ಕ ಅವಳು ಖಾಲಿ ಬಿಟ್ಟ ಬಲೂನುಗಳಲ್ಲಿ ಮಾತು ತುಂಬುವವನು ಗಂಡ. ಮುಖಪುಟದ ಹೆಸರೂ ಅವನದೊಂದೇ.

ಮೊದಲ ಭಾಗ ಎಲ್ಲರೂ ಬಲ್ಲ ಅಜ್ಜಿಕತೆ. ಸೆರೆಯಲ್ಲಿದ್ದ ರಾಜಕುಮಾರಿ ರಾಕ್ಷಸನ ಕಾಲೊತ್ತುತ್ತ, ಪ್ರಾಣ ಎಲ್ಲಿಟ್ಟಿದ್ದೀಯೆಂದು ನಯವಾಗಿ ಕೇಳುತ್ತಾಳೆ. ಗಿಳಿಯಲ್ಲಿ ಎನ್ನುತ್ತಾನೆ. ರಾಜಕುಮಾರ ಗಿಳಿಯ ಕತ್ತು ಮುರಿದು ರಾಕ್ಷಸನನ್ನು ಕೊಂದು, ಅವಳನ್ನು ಮದುವೆಯಾಗುತ್ತಾನೆ. ಎರಡನೆಯ ಭಾಗ ಮದುವೆಯ ನಂತರದ್ದು. ಗಂಡನೂ ಇನ್ನೂ ನೋಡಿರದ ಅದರ ಪುಟಗಳನ್ನು ನೋಡಲು ಪ್ರಕಾಶಕರು ಮನೆಗೇ ಬಂದಿದ್ದರು.

“ಈ ಸಲ ನನ್ನ ಹೆಸರೂ ಹಾಕಿಸ್ರೀ,” ಎಂದು ಅವಳು ಬೆಳಿಗ್ಗೆ ಕೇಳಿದ್ದಳು.

“ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟೋಳಿಗೆ ಹೆಸರು ಬೇರೆ ಕೇಡು,” ಎಂದು ಗಂಡ ನಕ್ಕಿದ್ದ.

ಆ ಸಿಟ್ಟು ಇನ್ನೂ ಇಳಿದಿರಲಿಲ್ಲ. ಅವಳು ಕುಂಚದ ಕತ್ತು ಹಿಂಡಿದಳು.

“ಇದೇನ್ ಸ್ವಾಮಿ, ರಾಜಕುಮಾರನಿಗೆ ಕೋರೆಹಲ್ಲು!” ಪ್ರಕಾಶಕರು ಪುಟ ಮಗುಚಿದರು. “ಪುಟಪುಟಕ್ಕೂ ಉದ್ದ ಆಗ್ತಿದೆ.” ಆಮೇಲೆ ತಲೆಯೆತ್ತಿ ಗಂಡನನ್ನು ದಿಟ್ಟಿಸಿದರು. “ಹುಬ್ಬಿನ ಮೇಲಿನ ಮಚ್ಚೆ ನಿಮ್ಮದೇ ಅಲ್ವೇ?”

ಗಂಡ ಪುಟಗಳನ್ನು ಕಸಿದುಕೊಂಡ. “ಯಾರೇ ಹೀಗೆ ಬರಿ ಅಂದೋರು?”

ಕೊನೆಯ ಪುಟದಲ್ಲಿ ರಾಜಕುಮಾರಿ ರಾಜಕುಮಾರನ ಕಾಲೊತ್ತುತ್ತ ಏನೋ ಕೇಳುತ್ತಿದ್ದಳು. ಬಲೂನು ಖಾಲಿಯಿತ್ತು.

“ಏನು ಕೇಳ್ತಿದ್ದಾಳೆ ಇವಳು? ಬೊಗಳು!”

ಅವಳು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ಮೊದಲ ಸಲ ಅವನ ಕಣ್ಣಲ್ಲಿ ಕಣ್ಣಿಟ್ಟಳು.

“ರೀ, ನಿಮ್ಮ ಪ್ರಾಣ ಎಲ್ಲಿಟ್ಟಿದ್ದೀರಿ, ಸ್ವಲ್ಪ ಹೇಳಿ.”