ದೀಪವಾಗಿದ್ದ ಕಬ್ಬಿಣ

"ಇದನ್ನೂ ಮುರೀತೀನಿ," ಎಂದರು ಅತ್ತೆ, ದೀಪದ ಚಿತ್ರವಿದ್ದ ಆಟದ ಚೀಟಿಯನ್ನು ಮೇಜಿನ ಮೇಲೆ ಪಟ್ಟೆಂದು ಇಟ್ಟು. "ಕೊಡು ಮೂರು ಗುಂಡಿ."

ಸೊಸೆ ಡಬ್ಬಿಗೆ ಕೈ ಹಾಕಿದಳು. ಹಳೇ ಕೋಟಿನ ಗುಂಡಿಗಳು ಅವಳು ಕಟ್ಟಿದ ಆಟದಲ್ಲಿ ಕಬ್ಬಿಣದ ಗಟ್ಟಿಗಳು. ಆಡುವವರು ಒಂದೊಂದು ಪಾತ್ರವಾಗಿ ಬೇಕಾದ ಸಾಮಾನನ್ನು ತಾವೇ ತಯಾರಿಸಿಕೊಂಡು, ಡ್ರ್ಯಾಗನ್ ಮಲಗಿರುವ ಗುಹೆಗೆ ಹೋಗಬೇಕು. ದಾರಿಯಲ್ಲಿ ಏನೇನಾಯಿತೆಂದು ಕಥೆ ಹೇಳುವವಳು ಸೊಸೆ. ಇವತ್ತು ಅತ್ತೆ ಕಮ್ಮಾರಗಿತ್ತಿ. ಜನ್ಮದಲ್ಲಿ ದಾಳ ಮುಟ್ಟದವರೊಬ್ಬರು ಆಡಿ ತೋರಿಸಬೇಕು ಅನ್ನುವುದು ಆಟ ಅಚ್ಚು ಹಾಕಿಸುವ ಕಂಪನಿಯ ಪದ್ಧತಿ. ಅಲ್ಲಿಂದ ಬಂದ ಪರೀಕ್ಷಕಿ ಕಿಟಕಿ ಪಕ್ಕದ ಕುರ್ಚಿಯಲ್ಲಿ, ಆರಕ್ಕೇರದ ಮೂರಕ್ಕಿಳಿಯದ ಮುಖ ಹೊತ್ತು ಕೂತಿದ್ದಳು.

ಡಬ್ಬಿ ತಳ ಕಂಡಿತ್ತು. ಅತ್ತೆಯ ಮುಂದೆ ಮಾತ್ರ ಗುಂಡಿಯ ಗುಡ್ಡೆ.

"ಏನ್ ನೋಡ್ತೀಯ? ಎರಡು ಗುಂಡಿಗೆ ಒಂದು ದೀಪ. ದೀಪ ಮುರಿದ್ರೆ ಮೂರು ಗುಂಡಿ. ಕಾನೂನು ನೀನೇ ಮಾಡಿದ್ದು ತಾನೇ? ಗುಂಡಿ ಸಾಲ್ದಿದ್ರೆ ನಿನ್ನ ಗಂಡನ ಅಂಗೀದು ಕಿತ್ಕೊಂಡು ಬಾ."

"ಅಮ್ಮಾ, ಕತ್ತಿ ಮಾಡ್ಕೊಳ್ಳಲ್ವಾ? ಗುಹೆಗೆ ಹೋಗಲ್ವಾ?" ಪರೀಕ್ಷಕಿ ಅಷ್ಟು ಹೊತ್ತಿಗೆ ಮೊದಲ ಸಲ ಬಾಯಿಬಿಟ್ಟಳು.

"ಯಾಕ್ರೀ ಹೋಗ್ಬೇಕು? ಇಲ್ಲೇ ಕೂತು ಮುರೀತಾ ಇದ್ರೆ ಲೋಕದ ಕಬ್ಬಿಣ ಎಲ್ಲಾ ನಂದೇ. ಡ್ರ್ಯಾಗನ್ನಿಗೆ ಕೆಲಸ ಇದ್ರೆ ಅದೇ ಬರ್ಲಿ."

ಸೊಸೆ ಖಾಲಿ ಡಬ್ಬಿಯೊಳಗೆ ಇಣುಕಿದಳು. ಅಯ್ಯೋ, ಇಷ್ಟು ದೊಡ್ಡ ತೂತು ತನ್ನ ಕಣ್ಣಿಗೆ ಬೀಳದೆ ಹೋಯಿತಲ್ಲ! ಹೇಗೆ ಬಿದ್ದೀತು? ಈ ಆಟದಲ್ಲಿ ಯಾರೂ ಸೋಲಬಾರದು ಎಂದೇ ಅವಳು ಹೊರಟಿದ್ದಳು. ಇದೇ ಪರೀಕ್ಷಕಿ ಅವಳ ಹಿಂದಿನ ಆಟವನ್ನು, "ತುಂಬಾ ಕ್ರೂರ, ಕಳ್ಕೊಂಡವರು ಮುಖ ಊದಿಸ್ಕೊಂಡು ಎದ್ದು ಹೋಗ್ತಾರೆ," ಎಂದು ವಾಪಸ್ ಕಳಿಸಿದ್ದಳು. ಅದಕ್ಕೇ ಈ ಸಲ, ಮುರಿದವರು ಬರಿಗೈಲಿ ಹೋಗುವುದು ಬೇಡ ಎಂದು ಮೇಲೊಂದು ಗುಂಡಿ ಸೇರಿಸಿದ್ದಳು, ಕರುಣೆಯಿಂದ. ಆ ಕರುಣೆಯೇ ಈಗ ಕುತ್ತಿಗೆಗೆ ಬಂದಿತ್ತು. ಇದೂ ತಿರಸ್ಕಾರವಾದರೆ ಇನ್ನು ನಿಮ್ಮ ಆಟ ನೋಡುವುದಿಲ್ಲ ಎಂದು ಕಂಪನಿಯವರು ಫೋನಿನಲ್ಲೇ ಹೇಳಿಯಾಗಿತ್ತು.

ಪರೀಕ್ಷಕಿ ಚೀಲ ಹೆಗಲಿಗೇರಿಸಿ ಎದ್ದಳು. "ಬೇಜಾರು ಮಾಡ್ಕೋಬೇಡಿ. ಸಾಮಾನು ತಯಾರಿಸೋ ಕಡೆನೇ ಹೀಗೆ ಸೋರಿದ್ರೆ, ಮುಂದಕ್ಕೆ ಯಾರೂ ಹೋಗೋದೇ ಇಲ್ಲ."

"ಒಂದ್ನಿಮಿಷ," ಎಂದಳು ಸೊಸೆ. ಅತ್ತೆಗೆ ಕೊಡಬೇಕೆಂದು ತೆಗೆದಿದ್ದ ಮೂರು ಗುಂಡಿಯಲ್ಲಿ ಎರಡನ್ನು ಡಬ್ಬಿಗೆ ಹಾಕಿ, ಒಂದನ್ನು ಮುಂದೆ ತಳ್ಳಿದಳು. "ಇನ್ಮೇಲೆ ದೀಪ ಮುರಿದ್ರೆ ಒಂದೇ."

"ಏನೇ ಇದು, ಹಾಡಹಗಲೇ ದರೋಡೆ! ನೀನು ಚಾಪೆ ಕೆಳಗೆ ತೂರಿದ್ರೆ ನಾನು ರಂಗೋಲಿ ಕೆಳಗೆ ತೂರೋಳು, ತಿಳ್ಕೋ. ಎರಡು ಕೊಟ್ಟು ಒಂದು ತಗೊಳ್ಳೋಕೆ ನಂಗೇನು ತಲೆ ಕೆಟ್ಟಿದ್ಯಾ? ಮುರಿಯೋದೇ ಇಲ್ಲ, ಹೋಗು!"

ಬೇರೆ ದಿನವಾಗಿದ್ದರೆ ಅತ್ತೆಯ ಮುಖ ಬಾಡಿದ್ದು ನೋಡಿ ಸೊಸೆ ಇನ್ನೆರಡು ಗುಂಡಿ ಸುರಿದುಬಿಡುತ್ತಿದ್ದಳು. ಇವತ್ತು ಕೈ ಡಬ್ಬಿಯ ಕಡೆ ಹೋಗಲಿಲ್ಲ. ಹೋಗುವಂತಿರಲಿಲ್ಲ. ಆದರೆ ಅತ್ತೆ ಹೇಳುವುದೂ ಸುಳ್ಳಲ್ಲ. ಬರೀ ನಷ್ಟವಾದರೆ ಮುರಿಯುವವರು ಯಾರು? ಅವಳು ಆ ಒಂಟಿ ಗುಂಡಿಯನ್ನೇ ನೋಡಿದಳು. ಬುದ್ಧಿಗಿಂತ ಮೊದಲು ಬಾಯಿ ಆಡಿತು.

"ಒಂದೇ ಅತ್ತೆ. ಆದ್ರೆ ಅದು ಬರೀ ಕಬ್ಬಿಣ ಅಲ್ಲ, ದೀಪವಾಗಿದ್ದ ಕಬ್ಬಿಣ. ಅದರಲ್ಲಿ ಏನು ಮಾಡಿದ್ರೂ ಕತ್ತಲಲ್ಲಿ ಬೆಳಗುತ್ತೆ."

ಅತ್ತೆ ಗುಂಡಿಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದರು. "ಕತ್ತಿ ಮಾಡಿದ್ರೆ?"

"ಒರೆಯಿಂದ ತೆಗೆದ್ರೆ ಗುಹೆ ತುಂಬಾ ಬೆಳಕು."

"ಮತ್ತೆ ಸರಪಳಿ ಮುರಿದು, ಆ ಕಬ್ಬಿಣದಲ್ಲಿ ಬಳೆ ಮಾಡಿದ್ರೆ?"

ಸೊಸೆ ಯೋಚಿಸಿದಳು. "ಹಾಕ್ಕೊಂಡವರ ಕೈಬಿಟ್ಟು ಹೋಗಲ್ಲ. ಬೇಡ ಅಂದ್ರೂ."

"ಥೂ, ಅದು ಬೇಡಪ್ಪ," ಎಂದು ಅತ್ತೆ ನಕ್ಕುಬಿಟ್ಟರು. ಗುಡ್ಡೆಯನ್ನೆಲ್ಲ ಮೊಣಕೈಯಿಂದ ಸೊಸೆಯ ಕಡೆ ತಳ್ಳಿದರು. "ಇದನ್ನೆಲ್ಲ ನೀನೇ ಇಟ್ಕೋ. ನಂಗೆ ಆ ಕತ್ತಿ ಮಾಡ್ಕೊಡು. ಎಲ್ಲಿದೆ ನಿನ್ನ ಡ್ರ್ಯಾಗನ್ನು? ದಾಳ ಕೊಡೇ ಇಲ್ಲಿ!"

ಸೊಸೆಗೆ ನಗು, ಅಳು ಎರಡೂ ಒಟ್ಟಿಗೇ ಬಂತು. ದಾಳ ಕೊಡುತ್ತಾ ಬಾಗಿಲ ಕಡೆ ತಿರುಗಿ ನೋಡಿದಳು. ಪರೀಕ್ಷಕಿ ಹೊಸಿಲಲ್ಲೇ ನಿಂತಿದ್ದಳು. ಒಂದು ಕಾಲು ಚಪ್ಪಲಿಯೊಳಗಿತ್ತು, ಇನ್ನೊಂದು ಹೊರಗೆ. ಆಮೇಲೆ ಆ ಚಪ್ಪಲಿಯನ್ನೂ ಕಳಚಿ ಒಳಗೆ ಬಂದಳು. ಚೀಲವನ್ನು ನೆಲಕ್ಕಿಟ್ಟು, ಕಿಟಕಿ ಪಕ್ಕದ ಕುರ್ಚಿಯನ್ನು ಮೇಜಿನವರೆಗೆ ಎಳೆದುಕೊಂಡು ಅತ್ತೆಯ ಪಕ್ಕ ಕೂತಳು.

"ನನ್ನ ಹತ್ರ ಒಂದು ಮುರಿದ ಗುರಾಣಿ ಇದೆ ಅಂದ್ಕೊಳ್ಳಿ," ಎಂದಳು ಮೆಲ್ಲಗೆ. "ಅದರಲ್ಲಿ ತೊಟ್ಟಿಲು ಮಾಡೋಕಾಗುತ್ತಾ?"