ಕಡ್ಡಿಯಿಂದ ಕಡ್ಡಿಗೆ

ಕೆಸುವಿನ ಗೆಡ್ಡೆ ಜಾರಿತು. ಇಗರಾಶಿ ತಮ್ಮ ಬಟ್ಟಲಿನಿಂದ ಒಳ್ಳೆಯದೊಂದನ್ನು ಆರಿಸಿ, ಊಟದ ಕಡ್ಡಿಗಳಲ್ಲಿ ಹಿಡಿದು, ಮಸಾಯೊಳ ಬಟ್ಟಲಿಗೆ ಹಾಕಲೆಂದು ಕೈ ಚಾಚಿದ್ದರು. ಸಾರಿನಲ್ಲಿ ಬೆಂದ ಗೆಡ್ಡೆ, ಮೈಯೆಲ್ಲ ಲೋಳೆ. ಅದು ದಾರಿಯಲ್ಲೇ ನುಣುಚಿಕೊಳ್ಳುವುದನ್ನು ಕಂಡ ಮಸಾಯೊ ಯೋಚಿಸಲಿಲ್ಲ. ಏನೇ ಇರಲಿ, ಬೀಳುವ ಮೊದಲೇ ಹಿಡಿಯುವುದು ಅವಳ ಹುಟ್ಟುಗುಣ. ತನ್ನ ಕಡ್ಡಿಗಳನ್ನು ಮುಂದೆ ಮಾಡಿ ಗೆಡ್ಡೆಯ ಇನ್ನೊಂದು ಮಗ್ಗುಲನ್ನು ಹಿಡಿದುಬಿಟ್ಟಳು.

"ಅಯ್ಯೋ, ಬಿಡಿ ಬಿಡಿ" ಎಂದಿತು ಒಂದು ದನಿ. ಹೊಳೆದಂಡೆಯ ಕೊಪ್ಪರಿಗೆಯ ಪಕ್ಕ ಬಂದವರಿಗೆಲ್ಲ ಸಾರು ಬಡಿಸುತ್ತಿದ್ದ ಮುದುಕಿ ಸೌಟು ಎತ್ತಿಕೊಂಡೇ ಇವರತ್ತ ನೋಡುತ್ತಿದ್ದಳು. ಅಕ್ಕಪಕ್ಕದಲ್ಲಿ ಕೂತವರ ಮಾತು ನಿಂತಿತು. ಇಬ್ಬರೂ ಒಟ್ಟಿಗೇ ಕಡ್ಡಿ ಸಡಿಲಿಸಿದರು. ಗೆಡ್ಡೆ ಕೆಳಗೆ ಹಾಸಿದ್ದ ನೀಲಿ ಟಾರ್ಪಾಲಿನ ಮೇಲೆ ಬಿದ್ದು, ಹೊಳೆಯೊಳಗಿನ ಕಲ್ಲಿನಂತೆ ಮಿನುಗುತ್ತ ಕೂತಿತು.

ಈ ನಾಡಿನಲ್ಲಿ ಕಡ್ಡಿಯಿಂದ ಕಡ್ಡಿಗೆ ಯಾರೂ ಏನನ್ನೂ ದಾಟಿಸುವುದಿಲ್ಲ. ದಾಟಿಸುವುದು ಒಂದೇ ಕಡೆ: ಹೆಣ ಸುಟ್ಟ ಮೇಲೆ, ಮನೆಯವರು ಬೂದಿಯಿಂದ ಅಸ್ಥಿ ಆರಿಸಿ ಕುಡಿಕೆಗೆ ತುಂಬುವಾಗ. ಮಸಾಯೊ ಗಂಡನಿಗಾಗಿ ಆ ಕೆಲಸ ಮಾಡಿದ್ದಳು, ಇಗರಾಶಿ ಹೆಂಡತಿಗಾಗಿ. ಕಡ್ಡಿಯ ತುದಿಯಲ್ಲಿ ಆಗ ಎಷ್ಟು ಕಡಿಮೆ ಭಾರವಿರುತ್ತದೆ ಎಂಬುದು ಇಬ್ಬರ ಕೈಗೂ ಗೊತ್ತಿತ್ತು.

ಗಂಡಹೆಂಡಿರಲ್ಲದ ಇವರು ಹೀಗೆ ಜೊತೆಯಾಗಿ ಹಳ್ಳಿ ತಿರುಗಲು ಶುರುಮಾಡಿ ಕೆಲವು ವರ್ಷಗಳಾಗಿದ್ದವು. ಒಂದು ಊರಿನಲ್ಲಿ ಹೊಸ ಅಕ್ಕಿಯ ಊಟ, ಇನ್ನೊಂದರಲ್ಲಿ ಅಣಬೆಯ ಸಂತೆ. ಎಲ್ಲಿ ಏನು ಬೇಯುತ್ತಿದೆ ಎಂಬುದು ಇಗರಾಶಿಗೆ ಹೇಗೋ ತಿಳಿಯುತ್ತಿತ್ತು. ಅವರು ಉಣ್ಣುವುದನ್ನು ನೋಡುವುದೇ ಮಸಾಯೊಗೆ ಅರ್ಧ ಊಟ. ಮೊದಲ ಗುಟುಕಿಗೆ ಕಣ್ಣು ಮುಚ್ಚುವರು. ಆಮೇಲೆ ಬಡಿಸಿದವರ ಮುಖ ನೋಡಿ, ಈ ಈರುಳ್ಳಿ ದಂಟು ಯಾರ ಹೊಲದ್ದು ಎಂದು ಕೇಳುವರು. ಆ ಪ್ರಶ್ನೆ ಕೇಳಿಸಿಕೊಂಡವರು ಇನ್ನೊಂದು ಸೌಟು ಹಾಕದೆ ಮುಂದೆ ಹೋದದ್ದಿಲ್ಲ. ಮನೆಯ ದೀಪವನ್ನೇ ಕಳೆದುಕೊಂಡ ಮನುಷ್ಯ ಲೋಕದ ಮೇಲೆ ಇಷ್ಟು ಅಕ್ಕರೆ ಹೇಗೆ ಉಳಿಸಿಕೊಂಡಿದ್ದಾರೆ ಎಂದು ಅವಳಿಗೆ ಪ್ರತಿ ಸಲವೂ ಬೆರಗು. ಸಂಜೆ ರೈಲು ನಿಲ್ದಾಣದಲ್ಲಿ ಮಾತ್ರ ದಾರಿ ಬೇರೆಯಾಗುತ್ತಿತ್ತು. ಅವರು ಬೆಟ್ಟದ ಈಚೆ, ಯಾಮಗಾತಾ ಕಡೆಗೆ. ಅವಳು ಆಚೆ, ಸೆಂದಾಯ್ ಕಡೆಗೆ.

ಹೋದ ಸಲ ಅದೇ ನಿಲ್ದಾಣದಲ್ಲಿ ಅವರು ಕೇಳಿದ್ದರು, ಇನ್ನು ಸಂಜೆಯೂ ಒಂದೇ ಮನೆಗೆ ಹೋಗೋಣವೇ ಎಂದು. ಮುಂದಿನ ಊಟಕ್ಕೆ ಸಿಕ್ಕಾಗ ಹೇಳುತ್ತೇನೆ ಎಂದಿದ್ದಳು ಮಸಾಯೊ. ಇವತ್ತು ಈ ಹೊಳೆದಂಡೆಗೆ ಬಂದಾಗಿನಿಂದ ಇಗರಾಶಿ ಆ ಮಾತೆತ್ತಿರಲಿಲ್ಲ. ಬದಲಿಗೆ ಸಾರಿನ ಜಗಳ ತೆಗೆದಿದ್ದರು. ಅವಳ ಊರಿನಲ್ಲಿ ಗೆಡ್ಡೆಸಾರಿಗೆ ಹಂದಿಮಾಂಸ, ಹುದುಗಿಸಿದ ಸೋಯಾ ಮುದ್ದೆ ಮಿಸೊ. ಇಲ್ಲಿ ದನದ ಮಾಂಸ, ಸೋಯಾ ಸಾಸು. "ನಿಮ್ಮದು ಗೆಡ್ಡೆಸಾರಲ್ಲ ಬಿಡಿ, ಹಂದಿಸಾರಿಗೆ ಗೆಡ್ಡೆ ಕಾಲು ಜಾರಿ ಬಿದ್ದಿದ್ದು" ಎಂದು ಕೆಣಕಿದ್ದರು. ನಮ್ಮ ಸಾರಿನ ರುಚಿ ಒಪ್ಪಿಸಿಯೇ ಕಳಿಸುತ್ತೇನೆ ಎಂದು ಅವರು ಆರಿಸಿ ಎತ್ತಿದ ಗೆಡ್ಡೆಯೇ ಈಗ ಟಾರ್ಪಾಲಿನ ಮೇಲೆ ಬಿದ್ದಿತ್ತು.

ಮಸಾಯೊ ಕಡ್ಡಿಗಳನ್ನು ಬಟ್ಟಲಿನ ಮೇಲಿಟ್ಟಳು.

"ಇಗರಾಶಿ ಅವರೇ, ನೀವು ಕೇಳಿದ್ದಕ್ಕೆ ಇದೇ ಉತ್ತರ ಅಂತ ಕಾಣುತ್ತೆ. ಇನ್ನೊಂದು ಸಲ ಮೂಳೆ ಆರಿಸೋಕೆ ನನ್ನ ಕೈಲಾಗಲ್ಲ. ಒಂದೇ ಮನೆ ಅಂದ್ರೆ ಕೊನೆಗೆ ಅದೇ ತಾನೆ?"

ಇಗರಾಶಿ ಬಗ್ಗಿ, ಬಿದ್ದ ಗೆಡ್ಡೆಯನ್ನು ಬೆರಳುಗಳಲ್ಲಿ ಎತ್ತಿ, ಒರೆಸಿ, ಬಾಯಿಗೆ ಹಾಕಿಕೊಂಡರು. ಕಣ್ಣು ಮುಚ್ಚಿ ನಿಧಾನವಾಗಿ ಅಗಿದರು, ಮೊದಲ ಗುಟುಕಿಗೆ ಮಾಡುವ ಹಾಗೆಯೇ.

"ನಿಮ್ಮದನ್ನ ನಾನೇ ಆರಿಸಬೇಕಾಗಿ ಬಂದ್ರೂ ಬರಬಹುದು. ಅದನ್ನೂ ಯೋಚಿಸಿದೀನಿ" ಎಂದರು. "ಬೇರೆ ಬೇರೆ ಮನೇಲಿದ್ರೆ ಆ ಕಷ್ಟ ಇಲ್ಲ, ನಿಜ. ಮನೆಯವರಲ್ಲ ಅಂತ ಮೂಳೆ ಆರಿಸೋಕೆ ನಮ್ಮನ್ನ ಯಾರೂ ಕರೆಯೋದೇ ಇಲ್ಲವಲ್ಲ." ಬೆರಳು ಒರೆಸಿಕೊಳ್ಳುತ್ತ, "ಗೆಡ್ಡೆ ಮಾತ್ರ ಚೆನ್ನಾಗಿ ಬೆಂದಿದೆ" ಎಂದರು.

ಮುದುಕಿ ಬಂದಳು. ಏನೂ ಕೇಳದೆ ಮಸಾಯೊಳ ಬಟ್ಟಲಿಗೆ ಬಿಸಿ ಸಾರು ಸುರಿದಳು. "ಈ ವರ್ಷದ್ದು ಭಾರಿ ಜಾರ್ತಾವೆ ತಾಯಿ. ತಪ್ಪು ಗೆಡ್ಡೇದು" ಎಂದು ಹೇಳಿ ಕೊಪ್ಪರಿಗೆಯ ಕಡೆಗೆ ನಡೆದಳು. ನಿಂತಿದ್ದ ಮಾತುಗಳು ಸುತ್ತಲೂ ಮತ್ತೆ ಶುರುವಾದವು.

ಮಸಾಯೊ ಹಬೆಯಾಡುವ ಬಟ್ಟಲನ್ನು ನೋಡುತ್ತ ಕೂತಳು. ಚಿಕ್ಕವಳಿದ್ದಾಗ ತಾಯಿ ಕೈಗೆ ಹೊಡೆದು ಕಲಿಸಿದ್ದ ಇನ್ನೊಂದು ನಿಯಮವಿತ್ತು: ತಿನ್ನುವುದನ್ನು ಕಡ್ಡಿಯಿಂದ ಚುಚ್ಚಬಾರದು. ಇಷ್ಟು ವರ್ಷ ಅವಳು ಒಮ್ಮೆಯೂ ಅದನ್ನು ಮೀರಿರಲಿಲ್ಲ. ಈಗ ಒಂದು ಕಡ್ಡಿಯನ್ನು ಕೆಳಗಿಟ್ಟಳು. ಇನ್ನೊಂದನ್ನು ಬಟ್ಟಲಿನಲ್ಲಿದ್ದ ದೊಡ್ಡ ಗೆಡ್ಡೆಯ ನಡುವಿಗೆ ನೆಟ್ಟಗೆ ಚುಚ್ಚಿದಳು, ತುದಿ ಆಚೆ ಕಾಣುವವರೆಗೆ. ಪಕ್ಕದವರು ನೋಡುತ್ತಿದ್ದಂತೆಯೇ ಅದನ್ನೆತ್ತಿ ಇಗರಾಶಿಯ ಬಾಯಿಯ ಹತ್ತಿರ ಹಿಡಿದಳು.

"ಇದು ಜಾರಲ್ಲ. ಆರಿಹೋಗುತ್ತೆ" ಎಂದಳು. "ತಿನ್ರೀ."